ಚಳಿ ಹೋಯಿತು, ಒಣಚರ್ಮ ಹೋಗಲಿಲ್ಲ

ಶಿವರಾತ್ರಿ ಬಂದರೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರೆ. ಚಳಿ ಹೋಗುತ್ತೆ, ನಿಜ. ಆದರೆ ಬೆಂಗಳೂರಿನಲ್ಲಿ ಮುಖ ಬಿರಿಯುವುದು ಅಲ್ಲಿಗೇ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಇಬ್ಬನಿಯಾದರೂ ಇರುತ್ತದೆ. ಮಾರ್ಚ್ ಮಧ್ಯಾಹ್ನ ಅದೂ ಇಲ್ಲ. ನಮ್ಮೂರಿನಲ್ಲಿ ಗಾಳಿ ಅತಿ ಹೆಚ್ಚು ಒಣಗಿರುವುದೇ ಈ ದಿನಗಳಲ್ಲಿ. ವಸಂತ ಬಂದ ತಕ್ಷಣ ಮಾಯಿಶ್ಚರೈಸರ್ ಎತ್ತಿಡಿ ಅನ್ನುವ ಸಲಹೆ ಹಿಮ ಬೀಳುವ ದೇಶಗಳದ್ದು. ಅಲ್ಲಿ ಚಳಿಗಾಲವಿಡೀ ಮನೆಯೊಳಗೆ ಹೀಟರ್ ಉರಿಯುತ್ತಿರುತ್ತದೆ. ನಮಗೆ ಅದು ಹೇಗೆ ಹೊಂದುತ್ತೆ?

ಹಾಗಾಗಿ ನಾನು ಮಾಯಿಶ್ಚರೈಸರ್ ಬಿಡುವುದಿಲ್ಲ, ಹಗುರ ಮಾಡುತ್ತೇನೆ. ಹಗಲು ಗ್ಲಿಸರಿನ್ ಇರುವ ತೆಳು ಲೋಷನ್. ಮುಖ ತೊಳೆದು, ಪೂರ್ತಿ ಒರೆಸದೆ, ಪಸೆ ಇರುವಾಗಲೇ ಹಚ್ಚುತ್ತೇನೆ. ಆ ನೀರನ್ನು ಹಿಡಿದಿಡುವುದೇ ಅದರ ಕೆಲಸ. ರಾತ್ರಿಗೆ ಮಾತ್ರ ಸೆರಮೈಡ್ (ಚರ್ಮದ ತೇವ ಆರದಂತೆ ತಡೆಯುವ ಕೊಬ್ಬಿನಂಶ) ಇರುವ ಚಳಿಗಾಲದ ಕ್ರೀಮೇ ಮುಂದುವರಿಯುತ್ತದೆ. ಕೊಬ್ಬರಿ ಎಣ್ಣೆ ಕೈಕಾಲಿಗಷ್ಟೇ. ಸೆಕೆಯಲ್ಲಿ ಮುಖಕ್ಕೆ ಹಚ್ಚಿದರೆ ನನಗೆ ಹಣೆ ತುಂಬ ಗುಳ್ಳೆ.

ಕ್ರೀಮಿಗಿಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಸನ್‌ಸ್ಕ್ರೀನ್ ಬಗ್ಗೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಂಪು ಗಾಳಿ ಬೀಸುತ್ತಿರುತ್ತದೆ. ಬಿಸಿಲು ಅಷ್ಟೇನೂ ಇಲ್ಲ ಅನಿಸುತ್ತೆ, ಅಲ್ವಾ? ಚರ್ಮ ಸುಡುವ ಅತಿನೇರಳೆ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ಎತ್ತರ ಹೆಚ್ಚಿದಷ್ಟೂ ಅದು ಇನ್ನಷ್ಟು ಚುರುಕು. ಏಪ್ರಿಲ್ ಕೊನೆಯ ವಾರದ ಹೊತ್ತಿಗಂತೂ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳದ ದಿನ ಬರುವುದು ಆಗಲೇ.

ಎಸ್‌ಪಿಎಫ್, ಅಂದರೆ ಸನ್‌ಸ್ಕ್ರೀನ್ ಎಷ್ಟು ರಕ್ಷಣೆ ಕೊಡುತ್ತದೆ ಅನ್ನುವ ಅಳತೆ, 30 ಸಾಕೋ 50 ಬೇಕೋ ಅಂತ ತುಂಬ ಜನ ಕೇಳುತ್ತಾರೆ. ಮೊದಲನೆಯದು ಚರ್ಮ ಸುಡುವ ಅತಿನೇರಳೆ ಕಿರಣವಾದ ಯುವಿಬಿಯ ಸುಮಾರು ಶೇಕಡಾ 97ರಷ್ಟು ಪಾಲು ತಡೆಯುತ್ತದೆ, ಎರಡನೆಯದು ಶೇಕಡಾ 98. ಅಷ್ಟೇ ವ್ಯತ್ಯಾಸ. ಆ ಲೆಕ್ಕ ಸರಿಬರಬೇಕಾದರೆ ಸಾಕಷ್ಟು ಹಚ್ಚಬೇಕು. ಮುಖ, ಕತ್ತು ಸೇರಿ ಎರಡು ಬೆರಳುದ್ದ. ಬಟಾಣಿ ಕಾಳಿನಷ್ಟು ತಗೊಂಡು ಸುಮ್ನೆ ಸವರಿದರೆ 50 ಇದ್ದೂ ಏನು ಪ್ರಯೋಜನ? ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುತ್ತೇನೆ. ಸಿಗ್ನಲ್‌ನಲ್ಲಿ ಹೆಲ್ಮೆಟ್ ಒಳಗೆ ಬೆವರಿಳಿಯುವ ಸ್ಕೂಟರ್ ಸವಾರರಿಗೆ ಇದು ಇನ್ನೂ ಮುಖ್ಯ. ಆಫೀಸಿನಲ್ಲಿ ಕಿಟಕಿ ಪಕ್ಕ ಕೂರುವವರೂ ಬಿಡುವಂತಿಲ್ಲ, ಯುವಿಎ ಅನ್ನುವ ಇನ್ನೊಂದು ಬಗೆಯ ಅತಿನೇರಳೆ ಕಿರಣ ಗಾಜು ದಾಟಿ ಬರುತ್ತದೆ. ಕೆನ್ನೆ ಮೇಲೆ ಬಂಗು ಇರುವವರು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ನೋಡಿ. ಕಣ್ಣಿಗೆ ಕಾಣುವ ಬೆಳಕೂ ಬಂಗು ಕಪ್ಪಾಗಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಣ್ಣದ್ದಾದರೆ ನಮ್ಮ ಗೋಧಿ ಮೈಬಣ್ಣದ ಮೇಲೆ ಬಿಳಿ ಪದರವೂ ಕಾಣದು.

ಬೇಸಿಗೆ ಶುರುವಾದರೆ ಟ್ಯಾಂಕರ್, ಬೋರ್‌ವೆಲ್ ನೀರು. ಗಡಸು ನೀರಲ್ಲಿ ಸೋಪು ಸರಿಯಾಗಿ ಹೋಗದೆ ಚರ್ಮದ ಮೇಲೇ ಉಳಿದು ಕೆರೆತ. ಹಾಗಾಗಿ ಮುಖಕ್ಕೆ ಸೋಪು ಬಿಟ್ಟು ನೊರೆ ಕಡಿಮೆ ಇರುವ ಕ್ಲೆನ್ಸರ್, ಅದೂ ಸಂಜೆ ಮಾತ್ರ. ಬೆಳಗ್ಗೆ ಬರೀ ನೀರು. ಟ್ಯಾನ್ ತೆಗೆಯಲು ನಿಂಬೆರಸ ಹಚ್ಚುವ ಮನೆಮದ್ದಂತೂ ಬೇಡವೇ ಬೇಡ. ರಸ ಉಳಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ, ಕಲೆ ಎರಡೂ ಆಗಬಹುದು.

ಮಳೆ ಚೆನ್ನಾಗಿ ಬಿದ್ದು ಗಾಳಿಗೆ ತೇವ ಬಂದ ಮೇಲೆ ರಾತ್ರಿಯ ಕ್ರೀಮ್ ನಿಲ್ಲಿಸಿ, ಎರಡು ಹೊತ್ತೂ ಜೆಲ್ ಹಚ್ಚುತ್ತೇನೆ. ಸನ್‌ಸ್ಕ್ರೀನ್ ಮೋಡ ಇದ್ದರೂ ಹಾಗೇ.