ಹದಿನೇಳು ಹೊಲಿಗೆ, ಮೂರು ಸಾಲು: ನನ್ನ ಅನುಭವ

ಹೆಂಗಸರ ಜೊತೆ ಕೂತು ತ್ರಿಪದಿ ಅನ್ನುವ ಮೂರು ಸಾಲಿನ ಹಳೇ ಛಂದಸ್ಸಿನಲ್ಲಿ ಹೊಸ ಕವಿತೆ ಕಟ್ಟುತ್ತೇನೆ ಅಂದಾಗ ಧಾರವಾಡದ ನನ್ನ ಕವಿಮಿತ್ರರು ಯಾರೂ ಒಪ್ಪಲಿಲ್ಲ. "ಈಗ ತ್ರಿಪದಿ ಯಾರು ಓದ್ತಾರೆ? ಹೆಣ್ಣಿನ ಮಾತಿಗೆ ಅಳತೆಯ ಕಟ್ಟಿಲ್ಲದ ಮುಕ್ತಛಂದವೇ ಸರಿ" ಅಂದರು. ಈಗ ನಮ್ಮ ಪುಸ್ತಿಕೆ ಎರಡನೇ ಸಲ ಅಚ್ಚಾಗಿದೆ. ಹೇಗಾಯಿತು ಅಂತ ಅವರೇ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಕ್ತಛಂದವನ್ನು ನಾನು ಮಾಡಿ ನೋಡಿದವಳೇ. ಗರ್ಭಕೋಶ ತೆಗೆಸಿದ ಮೇಲೆ ಆರು ತಿಂಗಳು ಮನೆಯಲ್ಲೇ ಇದ್ದೆ. ಆಗ ಬರೆದದ್ದೆಲ್ಲ 2017ರಲ್ಲಿ ಪುಸ್ತಕವಾಯಿತು. ಅದರಲ್ಲಿ ಶಕ್ತಿ, ಬೆಳಕು, ರೆಕ್ಕೆ, ಬೆಂಕಿ ಎಲ್ಲ ಇದ್ದವು. ನನ್ನ ಹೊಟ್ಟೆ ಮಾತ್ರ ಇರಲಿಲ್ಲ. ಪ್ರಕಾಶಕರೊಬ್ಬರಿಗೆ ಹತ್ತಿರಹತ್ತಿರ 38,000 ಕೊಟ್ಟೆ. ಒಂದು ಬಳೆ ಮಾರಿದ ದುಡ್ಡು ಅದು. 500 ಪ್ರತಿಯಲ್ಲಿ ಹೋದದ್ದು ತೊಂಬತ್ತೋ ನೂರೋ. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರಿದವು. ಎರಡನೇ ಮಳೆಗಾಲಕ್ಕೆ ಗೆದ್ದಲು ಹಿಡಿಯಿತು.

ಆಮೇಲೆ ನಮ್ಮ ಓಣಿಯ ಹೆಂಗಸರನ್ನು ಶನಿವಾರ ಮಧ್ಯಾಹ್ನ ಮಹಡಿ ಮೇಲೆ ಕರೆಯತೊಡಗಿದೆ. ಎಲ್ಲರ ಹಾಗೆ ಅಕ್ಕಮಹಾದೇವಿಯಿಂದಲೇ ಶುರು ಮಾಡಿದೆ. ವಚನ ಓದಿದರೆ ಕೈ ಮುಗಿದು ಸುಮ್ನೆ ಕೂತುಬಿಡುತ್ತಿದ್ದರು. ಅಕ್ಕ ಅವರಿಗೆ ದೇವರು. ದೇವರ ಮುಂದೆ ಯಾರು ತಮ್ಮ ಮನೆಯ ಜಗಳ ಹೇಳುತ್ತಾರೆ? ಮೂರು ತಿಂಗಳಲ್ಲಿ ಹದಿನೆಂಟು ಜನ ಇದ್ದವರು ಏಳಾದರು.

ದಾರಿ ತೋರಿಸಿದ್ದು ನಮ್ಮ ಸೋದರತ್ತೆಯ ಮನೆಯಿಂದ ತಂದ ಬೀಸುಕಲ್ಲು. ಬೀಸುವಾಗ ಇಬ್ಬರು ಎದುರುಬದುರು ಕೂರುತ್ತೇವೆ, ಗೂಟದ ಮೇಲೆ ಇಬ್ಬರ ಕೈಯೂ ಇರುತ್ತದೆ. ಕಣ್ಣು ಹಿಟ್ಟಿನ ಮೇಲೆ ಇರುತ್ತದೆ, ಮುಖ ನೋಡಿ ಮಾತಾಡುವ ಸಂಕೋಚ ಇರುವುದಿಲ್ಲ. ಒಬ್ಬಳು ಒಂದು ಸಾಲು ಅಂದರೆ ಎದುರಿನವಳು ಮುಂದಿನದು ಎತ್ತಿಕೊಳ್ಳುತ್ತಾಳೆ. ಮೊದಲ ದಿನ ನಾನೇ ಹಾಡಿದೆ:

ಹೊಲಿಗೆಯನು ಹಾಕಿದರು ಹೊಟ್ಟೆಯಲಿ ಹದಿನೇಳು
ಒಲೆಯ ಮುಂದಿದ್ದೆ ಎಂಟನೆಯ ದಿನದಾಗ
ಕೆಲಸ ಕೇಳೀತೆ ಹಡೆದವ್ವ

ಹಾಡುವಾಗ ಎರಡನೇ ಸಾಲಿನ ಮೊದಲ ತುಂಡು ಮತ್ತೊಮ್ಮೆ ಬರುತ್ತದಲ್ಲ, "ಒಲೆಯ ಮುಂದಿದ್ದೆ" ಅಂತ, ಅಲ್ಲಿ ನನ್ನ ದನಿ ನಿಂತುಹೋಯಿತು. ಎದುರು ಕೂತಿದ್ದ ಅರವತ್ತರ ಹೆಂಗಸು ಕಲ್ಲು ನಿಲ್ಲಿಸಲಿಲ್ಲ. ತಾನೇ ಆ ತುಂಡನ್ನು ಎತ್ತಿ ಪೂರ್ತಿ ಮಾಡಿದಳು. ಆಮೇಲೆ ಸೆರಗಿನಿಂದ ಹಿಟ್ಟು ಒರೆಸಿಕೊಳ್ಳುತ್ತ, "ಅಕ್ಕಾರ, ನನಗೂ ಹಂಗ ಆಗಿತ್ತರಿ. ಯಾರ ಮುಂದೂ ಹೇಳಿದ್ದಿಲ್ಲ" ಅಂದಳು. ಆರು ವರ್ಷ ಮುಕ್ತಛಂದ ಬರೆದೆ. ಯಾರೂ ಇಂಥ ಮಾತು ಹೇಳಿರಲಿಲ್ಲ.

ಗಣ ಅಂದರೆ ಸಾಲಿನ ಅಳತೆಯ ತುಂಡು, ಪ್ರಾಸ ಅಂದರೆ ಸಾಲುಗಳ ಎರಡನೇ ಅಕ್ಷರ ಒಂದೇ ಆಗುವುದು, ಕವಿಗಳಿಗೆಲ್ಲ ಗೊತ್ತಿರುವುದೇ. ನಮ್ಮ ಹೆಂಗಸರಿಗೆ ನಾನು ಅದರ ಹೆಸರೂ ಹೇಳಲಿಲ್ಲ. ಅಳತೆ ತಪ್ಪಿದರೆ ಕೈಯೇ ಎಡವುತ್ತದೆ, ಅವರೇ ತಿದ್ದಿಕೊಳ್ಳುತ್ತಾರೆ. ನಾನು ಹಾಕಿದ ಕಟ್ಟು ಒಂದೇ: ನೋವು, ಶಕ್ತಿ, ಕತ್ತಲೆ, ಬೆಳಕು ಈ ನಾಲ್ಕು ಮಾತು ಬರಕೂಡದು. ಬದಲಿಗೆ ಮನೆಯ ಒಂದು ವಸ್ತು ಬರಬೇಕು. ಒಬ್ಬಳಿಗೆ ಬಾಗಿದ ಸೌಟು ಬಂತು. ಅದರಿಂದಲೇ ಅವಳ ಗಂಡ ಹೊಡೆದಿದ್ದ. ಅವಳು ಅದೊಂದರ ಮೇಲೇ ಇಪ್ಪತ್ತಕ್ಕೂ ಜಾಸ್ತಿ ಮೂರು ಸಾಲಿನ ಪದ ಕಟ್ಟಿದಳು. ಕೊನೆಯ ಪದ ಕಟ್ಟಿದ ವಾರ ಆ ಸೌಟನ್ನು ಹಳೇ ಪಾತ್ರೆಯವನಿಗೆ ಹಾಕಿ ಬಂದಳು. ಹೊಸ ಮಂದಿಯ ಬಾಯಿಂದ ಮೊದಲ ಸಾಲು ಬರಿಸಲು ನಾನು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮೊದಲೇ ಗೊತ್ತಾದರೆ ಅದು ಕೆಲಸ ಮಾಡುವುದಿಲ್ಲ.

ನಡುವೆ ಸಾಂಗತ್ಯ ಅನ್ನುವ ನಾಲ್ಕು ಸಾಲಿನ ಹಾಡಿನ ಛಂದಸ್ಸನ್ನೂ ಪ್ರಯತ್ನಿಸಿದೆ. ಸಂಚಿಯ ಹೊನ್ನಮ್ಮ 17ನೇ ಶತಮಾನದಲ್ಲೇ ಮೈಸೂರು ಅರಸರ ಅರಮನೆಯಲ್ಲಿದ್ದುಕೊಂಡು ಹೆಣ್ಣಿನ ಪರವಾಗಿ ಆ ಛಂದಸ್ಸಿನಲ್ಲಿ ಮಾತಾಡಿದವಳು ಅಲ್ವಾ? ಆದರೆ ನಮ್ಮವರ ಕೈಯಲ್ಲಿ ಅದು ಕಥೆಯಾಗಿ ಹರಿಯಿತು, ಎದೆ ಹಗುರವಾಗಲಿಲ್ಲ. ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುತ್ತಾ ಹಾಡಿಸಿದೆ. ವೇಗ ಜಾಸ್ತಿಯಾಗಿ ಮಾತು ಹಿಂದೆ ಬಿತ್ತು.

"ಹಳೇದು" ಅಂದವರಿಗೆ ಒಂದು ಮಾತು. ಹಳೆಯದು ಹೌದು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಅಲ್ಲಿ ಒಬ್ಬ ಗಂಡಸಿನ ಕಲಿತನ ಹೊಗಳಲು ಬಂದ ಅಳತೆಯನ್ನು ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ತಮ್ಮದು ಮಾಡಿಕೊಂಡರು. ಅದು ನಮ್ಮ ಆಸ್ತಿ, ಬಿಟ್ಟುಕೊಡುವುದು ಯಾಕೆ?

ಪುಸ್ತಿಕೆಗೆ ಈ ಸಲ ಪ್ರಕಾಶಕರ ಹತ್ತಿರ ಹೋಗಲಿಲ್ಲ. 48 ಪುಟ, ಪಿನ್ ಹೊಡೆದದ್ದು, 300 ಪ್ರತಿಗೆ ಹದಿಮೂರು ಹದಿನಾಲ್ಕು ಸಾವಿರ ಆಯಿತು. ಹನ್ನೊಂದು ಜನ ಐನೂರರಂತೆ ಹಾಕಿದರು, ಉಳಿದದ್ದು ನಾನು. ಬೆಲೆ 60. ಅಂಗಡಿಗೆ ಕೊಡಲೇ ಇಲ್ಲ. ಮದುವೆ, ಸೀಮಂತ, ಸಂಘದ ಸಭೆ, ಎಲ್ಲಿ ನಾಲ್ಕು ಜನ ಸೇರಿದರೂ ಎರಡು ಪದ ಹಾಡಿ ಚೀಲ ಬಿಚ್ಚಿದೆವು. ನಾಲ್ಕೂವರೆ ತಿಂಗಳಲ್ಲಿ ಎಲ್ಲ ಖಾಲಿ. ಹಾಕಿದ ದುಡ್ಡು ಅವರವರ ಕೈಗೆ ವಾಪಸ್ ಕೊಟ್ಟು, ಮಿಕ್ಕಿದ್ದರಲ್ಲಿ ಎರಡನೇ ಮುದ್ರಣ ಮಾಡಿಸಿದೆವು. 150 ರೂಪಾಯಿ ಬಡಿಗೇರನಿಗೆ ಹೋಯಿತು. ಬೀಸುಕಲ್ಲಿನ ಗೂಟ ಸಡಿಲಾಗಿತ್ತು.