ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ಬರುವುದಿಲ್ಲ: ಮೊದಲು ಏನು ನೋಡಬೇಕು?

ನಮ್ಮ ಬೀದಿಯ ಡಿಟಿಪಿ ಅಂಗಡಿಯವರು ಆಯುಧ ಪೂಜೆಗೆ ಸಿಪಿಯು ಹೊರಗೆಳೆದರು. ದೂಳು ಒರೆಸಿ, ಕುಂಕುಮ ಹಚ್ಚಿ, ಪೂಜೆ ಮುಗಿದ ಮೇಲೆ ಮತ್ತೆ ಮೇಜಿನ ಕೆಳಗೆ ತಳ್ಳಿದರು. ವಿಜಯದಶಮಿ ಕಳೆದು ಅಂಗಡಿ ತೆಗೆದಾಗ ಕಪ್ಪು ಪರದೆಯ ಮೇಲೆ ಒಂದೇ ಸಾಲು: 'ನೋ ಬೂಟೆಬಲ್ ಡಿವೈಸ್'. ರಿಪೇರಿಗೆ ಬಂದವರು 'ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ' ಎಂದುಬಿಟ್ಟರು. ಅದರೊಳಗೆ 12 ವರ್ಷದ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್‌ಗಳ ಮ್ಯಾಟರ್ ಇತ್ತು. ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೂತು ಟೈಪ್ ಮಾಡಿದ್ದು. ಕೊನೆಗೆ ನೋಡಿದರೆ ಡಿಸ್ಕ್ ಚೆನ್ನಾಗಿಯೇ ಇತ್ತು. ಸಡಿಲವಾಗಿದ್ದದ್ದು ಒಂದು ಕೇಬಲ್.

ಪರದೆಯ ಮೇಲೆ ಇಂಥ ಸಾಲು ಬಂದರೆ ಡಿಸ್ಕ್ ಸತ್ತಿದೆ ಎಂದೇನೂ ಅಲ್ಲ. ಶುರು ಮಾಡಲು ಬೇಕಾದದ್ದು ಕಂಪ್ಯೂಟರಿಗೆ ಸಿಗಲಿಲ್ಲ, ಅಷ್ಟೇ. ಸ್ವಿಚ್ ಒತ್ತಿದ ಕೂಡಲೇ ಎಚ್ಚರವಾಗುವುದು ಮದರ್‌ಬೋರ್ಡ್ ಎಂಬ ಮುಖ್ಯ ಬೋರ್ಡಿನಲ್ಲಿರುವ ಬಯೋಸ್ ಎನ್ನುವ ಪ್ರೋಗ್ರಾಂ. ಅದು ಡಿಸ್ಕನ್ನು ಹುಡುಕುತ್ತದೆ. ಡಿಸ್ಕಿನಲ್ಲಿರುವ ಪುಟ್ಟ ಬೂಟ್ ಪ್ರೋಗ್ರಾಂ ವಿಂಡೋಸನ್ನು ಎಬ್ಬಿಸುತ್ತದೆ. ಈ ಸರಪಳಿ ಎಲ್ಲಿ ತುಂಡಾಗಿದೆ ಎಂದು ನೋಡುವುದೇ ನಮ್ಮ ಕೆಲಸ. ಫೈಲುಗಳ ಕಾಪಿ ಕೈಗೆ ಬರುವ ತನಕ ಯಾರು ಹೇಳಿದರೂ ಫಾರ್ಮ್ಯಾಟ್‌ಗೆ, ಅಂದರೆ ಡಿಸ್ಕ್ ಅಳಿಸುವುದಕ್ಕೆ, ಒಪ್ಪಬೇಡಿ.

ಮೊದಲು ಎಲ್ಲವನ್ನೂ ಕೀಳಿ

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಕ್ಸ್‌ಟರ್ನಲ್ ಡಿಸ್ಕ್, ಪ್ರಿಂಟರ್ ಕೇಬಲ್, ಎಲ್ಲವನ್ನೂ ತೆಗೆಯಿರಿ. ಗಿರಾಕಿ ಬಿಟ್ಟುಹೋದ ಪೆನ್‌ಡ್ರೈವಿನಲ್ಲೇ ಕಂಪ್ಯೂಟರ್ ವಿಂಡೋಸ್ ಹುಡುಕುತ್ತಾ ನಿಂತಿರುವುದು ಎಷ್ಟೋ ಸಲ ಆಗುತ್ತದೆ. ಪೂರ್ತಿ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ.

ಕಿವಿಗೊಟ್ಟು ಕೇಳಿ

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತವೆ. ಅವುಗಳ ಮೇಲೆ ಓದುವ ಹೆಡ್, ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತದೆ. ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ, ಅಥವಾ ಕೆರೆದಂತೆ ಕೇಳಿದರೆ, ತಕ್ಷಣ ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಎಂದು ಆನ್ ಮಾಡಿದಷ್ಟೂ ಹೆಡ್ ತಟ್ಟೆಯನ್ನು ಉಜ್ಜಿ, ಉಳಿದಿದ್ದ ಡೇಟಾವನ್ನೂ ತೆಗೆದುಬಿಡಬಹುದು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಒಳಗೆ ತೇವ ಕೂತು ಇನ್ನೂ ಕೆಡುತ್ತದೆ. ಇಂಥ ಡಿಸ್ಕಿನಲ್ಲಿ ಬೇಕೇಬೇಕಾದದ್ದು ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ನೇರವಾಗಿ ಒಯ್ಯಿರಿ. ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಅದು ಸದ್ದಿಲ್ಲದೆ ಹೋಗುತ್ತದೆ.

ಬಯೋಸ್‌ಗೆ ಡಿಸ್ಕ್ ಕಾಣುತ್ತಿದೆಯೇ?

ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯವಾದ ಪ್ರಶ್ನೆ. ಆನ್ ಮಾಡಿದ ಕೂಡಲೇ ಬಯೋಸ್ ಕೀಯನ್ನು ಬಿಡದೆ ಒತ್ತುತ್ತಾ ಇರಿ. ಡೆಲ್, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀ. ಒಳಗೆ ಹೋದ ಮೇಲೆ ಏನನ್ನೂ ಬದಲಿಸಬೇಡಿ. ಪ್ರತಿ ಪುಟದ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಡಿಸ್ಕಿನ ಹೆಸರು, ಸೈಜ್ ಎಲ್ಲಾದರೂ ಇದೆಯೇ ಹುಡುಕಿ.

ಹೆಸರೇ ಕಾಣದಿದ್ದರೆ ತೊಂದರೆ ಕೇಬಲ್‌ನಲ್ಲಿದೆ, ಡಿಸ್ಕಿನಲ್ಲಿದೆ, ಇಲ್ಲವೇ ಬೋರ್ಡಿನಲ್ಲಿದೆ. ಡೆಸ್ಕ್‌ಟಾಪ್ ಆದರೆ ಗೋಡೆಯ ಪ್ಲಗ್ ಕಿತ್ತು, ಸಿಪಿಯುವಿನ ಪಕ್ಕದ ಮುಚ್ಚಳ ತೆಗೆಯಿರಿ. ಕೈಯನ್ನು ಒಮ್ಮೆ ಕ್ಯಾಬಿನೆಟ್ಟಿನ ಬರಿಯ ಲೋಹಕ್ಕೆ ಮುಟ್ಟಿಸಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ಹಾರ್ಡ್ ಡಿಸ್ಕಿಗೆ ಎರಡು ಕೇಬಲ್ ಬಂದಿರುತ್ತವೆ: ಅಗಲವಾದದ್ದು ಕರೆಂಟಿಗೆ, ಕಿರಿದಾದದ್ದು ಡೇಟಾಕ್ಕೆ. ಎರಡನ್ನೂ ಪೂರ್ತಿ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ. ಡೇಟಾ ಕೇಬಲ್‌ನ ಇನ್ನೊಂದು ತುದಿ ಮದರ್‌ಬೋರ್ಡಿನಲ್ಲಿದೆ, ಅದನ್ನೂ ಮರೆಯಬೇಡಿ. ಆಗಲೂ ಕಾಣದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಸಾಟಾ ಎನ್ನುವ ಈ ಡೇಟಾ ಕೇಬಲ್ ಹೊಸದು ತರಲು ಹೊಸ ಡಿಸ್ಕಿನಷ್ಟು ದುಡ್ಡು ಬೇಕಿಲ್ಲ, ಅಲ್ವಾ? ಲ್ಯಾಪ್‌ಟಾಪ್ ವಾರಂಟಿಯಲ್ಲಿದ್ದರೆ ಮಾತ್ರ ಬಿಚ್ಚಲು ಹೋಗಬೇಡಿ.

ಡಿಸ್ಕ್ ಕಾಣುತ್ತಿದ್ದರೆ

ಮೊದಲು ಬಯೋಸಿನ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಖಾಲಿಯಾಗಿರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು 3 ವೋಲ್ಟಿನ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಹೋದಾಗ ಹಳೆಯ ಬೋರ್ಡ್‌ಗಳು ತಮ್ಮ ಸೆಟ್ಟಿಂಗ್ ಮರೆತುಬಿಡುತ್ತವೆ. ಯಾವುದರಿಂದ ಮೊದಲು ಶುರುವಾಗಬೇಕು ಎನ್ನುವ ಪಟ್ಟಿಯಲ್ಲಿ, ಅಂದರೆ ಬೂಟ್ ಆರ್ಡರಿನಲ್ಲಿ, ಡಿಸ್ಕ್ ಕೆಳಗೆ ಹೋಗಿರಬಹುದು. ಅದನ್ನು ಮೇಲಕ್ಕೆ ತನ್ನಿ. ಬೂಟ್ ಮೋಡ್ ಬದಲಾಗಿರುವುದೂ ಉಂಟು. ಡಿಸ್ಕನ್ನು ಭಾಗ ಮಾಡುವ ಎಂಬಿಆರ್ ಎನ್ನುವ ಹಳೆಯ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದರೆ ಲೆಗಸಿ ಮೋಡ್ ಬೇಕು, ಜಿಪಿಟಿ ಎನ್ನುವ ಹೊಸ ಪದ್ಧತಿ ಆದರೆ ಯುಇಎಫ್ಐ ಮೋಡ್. ಯಾವುದು ಎಂದು ಗೊತ್ತಿಲ್ಲದಿದ್ದರೆ ಒಂದನ್ನು ಬದಲಿಸಿ ನೋಡಿ, ಆಗದಿದ್ದರೆ ಫೋಟೊ ನೋಡಿಕೊಂಡು ಮೊದಲಿನಂತೆ ಮಾಡಿ.

ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬೇರೆಯವರು ಓದದಂತೆ ಕಾಯುವ ವಿಂಡೋಸಿನ ಬಿಟ್‌ಲಾಕರ್ ಬೀಗ ಇರಬಹುದು. ಬಯೋಸ್ ಸೆಟ್ಟಿಂಗ್ ಮುಟ್ಟಿದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಮೊಬೈಲಿನಿಂದ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೊಳ್ಳಿ.

ರಿಪೇರಿಗಿಂತ ಮೊದಲು ಕಾಪಿ

ಬೇರೆ ಕಂಪ್ಯೂಟರಿನಲ್ಲಿ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಬುಂಟು ಎಂಬ ಉಚಿತ ತಂತ್ರಾಂಶ ಡೌನ್‌ಲೋಡ್ ಮಾಡಿ, 'ರೂಫಸ್' ಎಂಬ ಪ್ರೋಗ್ರಾಂನಿಂದ ಅದನ್ನು ಖಾಲಿ ಪೆನ್‌ಡ್ರೈವಿಗೆ ಹಾಕಿ. ಕೆಟ್ಟಿರುವ ಕಂಪ್ಯೂಟರನ್ನು ಆ ಪೆನ್‌ಡ್ರೈವಿನಿಂದ ಶುರುಮಾಡಿ. ಬರುವ ಆಯ್ಕೆಗಳಲ್ಲಿ 'ಟ್ರೈ' ಎನ್ನುವುದನ್ನೇ ಒತ್ತಿ, 'ಇನ್‌ಸ್ಟಾಲ್' ಬೇಡವೇ ಬೇಡ. ಹಾಗೆ ಮಾಡಿದರೆ ಉಬುಂಟು ಪೆನ್‌ಡ್ರೈವಿನಿಂದಲೇ ಓಡುತ್ತದೆ. ಫೈಲ್ಸ್‌ನಲ್ಲಿ ನಿಮ್ಮ ಹಾರ್ಡ್ ಡಿಸ್ಕ್ ತೆರೆದು, 'ಯೂಸರ್ಸ್' ಫೋಲ್ಡರಿನಲ್ಲಿರುವ ಫೋಟೊ, ಡಾಕ್ಯುಮೆಂಟ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಬಹಳ ಬೇಕಾದದ್ದು ಮೊದಲು, ಸಿನಿಮಾ ಹಾಡು ಕೊನೆಗೆ. ಒಂದೊಂದು ಫೈಲಿಗೂ ತಿಣುಕಾಡುತ್ತಿದ್ದರೆ ಡಿಸ್ಕ್ ಸೋಲುತ್ತಿದೆ ಎಂದು ಅರ್ಥ. ಪದೇ ಪದೇ ಒತ್ತಾಯಿಸಬೇಡಿ, ಡಿಸ್ಕನ್ನು ಕ್ಲೋನ್ ಮಾಡಲು, ಅಂದರೆ ಇದ್ದಂತೆಯೇ ಪೂರ್ತಿ ಇನ್ನೊಂದು ಡಿಸ್ಕಿಗೆ ನಕಲು ಮಾಡಲು, ಬಲ್ಲವರಿಗೆ ಕೊಡಿ.

ಕಾಪಿ ಆಯಿತೇ? ಇನ್ನು ಧೈರ್ಯವಾಗಿ ರಿಪೇರಿಗೆ ಕೈಹಾಕಿ. ಕೆಲವು ಸಲ ಬೂಟ್ ವಿಫಲವಾದ ಮೇಲೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆ ತೋರಿಸುತ್ತದೆ. ತೋರಿಸದಿದ್ದರೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಮಾಡಿಕೊಂಡು ಅದರಿಂದ ಶುರುಮಾಡಿ. ಇಲ್ಲೂ ಇನ್‌ಸ್ಟಾಲ್ ಬಿಟ್ಟು 'ರಿಪೇರ್' ಆಯ್ಕೆಗೆ ಹೋಗಿ, 'ಸ್ಟಾರ್ಟಪ್ ರಿಪೇರ್' ಒತ್ತಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಬೂಟ್ ಫೈಲ್ ಕೆಟ್ಟಿದ್ದರೆ ಹೆಚ್ಚಾಗಿ ಇಷ್ಟರಲ್ಲೇ ಸರಿಹೋಗುತ್ತದೆ. ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ಎಂದು ಕೆಲವರು ಮೊದಲೇ ಹೇಳುತ್ತಾರೆ. ಕಾಪಿಗೆ ಮುಂಚೆ ಅದು ಬೇಡ, ಸೋಲುತ್ತಿರುವ ಡಿಸ್ಕಿಗೆ ಸುಮ್ನೆ ಜಾಸ್ತಿ ಕೆಲಸ ಕೊಟ್ಟಂತೆ.

ಅಂಗಡಿಗೆ ಒಯ್ಯಲೇಬೇಕಾಗಿ ಬಂದರೆ 'ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಸಿಪಿಯುವಿಗೇ ಅಂಟಿಸಿ. ರಸೀದಿಯ ಮೇಲೂ ಅದನ್ನೇ ಬರೆಸಿ. ಹೊಸ ಡಿಸ್ಕ್ ಹಾಕಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ.