ಹಲ್ಲು ಜುಮ್ಮೆಂದರೆ: ಪೇಸ್ಟ್ ಕೊಳ್ಳುವ ಮೊದಲು ಮತ್ತು ಆಮೇಲೆ

ತಣ್ಣೀರು ತಾಗಿ ಹಲ್ಲು ಜುಮ್ಮೆಂದಾಗ ಆ ನೋವು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ನೀರು ನುಂಗಿದೊಡನೆ ಅಡಗುವ ನೋವಿಗೆ ಸಾಮಾನ್ಯವಾಗಿ ಮನೆಯ ಆರೈಕೆ ಸಾಕಾಗುತ್ತದೆ. ನಿಮಿಷಗಟ್ಟಲೆ ಉಳಿಯುವ, ತಾನಾಗಿಯೇ ಶುರುವಾಗುವ ಅಥವಾ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ ಪೇಸ್ಟ್ ಬದಲಿಸುತ್ತ ಕೂರದೆ ದಂತವೈದ್ಯರ ಬಳಿ ಹೋಗಬೇಕು.

ಹಲ್ಲಿನ ಹೊರಕವಚವಾದ ಎನಾಮೆಲ್‌ನಲ್ಲಿ ನರಗಳಿಲ್ಲ. ಅದರಡಿಯ ಡೆಂಟಿನ್‌ನಲ್ಲಿ ಮಾತ್ರ ದ್ರವ ತುಂಬಿದ ಸಾವಿರಾರು ಸೂಕ್ಷ್ಮ ನಾಳಗಳಿವೆ. ಎನಾಮೆಲ್ ಸವೆದಾಗ, ಅಥವಾ ಒಸಡು ಹಿಂದೆ ಸರಿದು ಬೇರಿನ ಭಾಗ ಹೊರಬಿದ್ದಾಗ, ಈ ನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ತಂಪು, ಹುಳಿ, ಸಿಹಿ ಅಥವಾ ಬರಿಯ ಗಾಳಿ ಸೋಕಿದರೂ ಒಳಗಿನ ದ್ರವ ಅಲುಗಿ ನರವನ್ನು ಕೆಣಕುತ್ತದೆ.

ಮುಂದಿನ ಹೆಜ್ಜೆ ಬ್ರಷ್‌ನ ಪರೀಕ್ಷೆ. ಕೆಲವೇ ವಾರಗಳಲ್ಲಿ ಅದರ ಎಳೆಗಳು ಹೊರಕ್ಕೆ ಬಾಗಿದ್ದರೆ, ಒಸಡಿನಂಚಿನಲ್ಲಿ ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಂಥ ತಗ್ಗು ಹಲ್ಲಿನ ಮೇಲಿದ್ದರೆ, ನೀವು ಬಲವಾಗಿ ಒತ್ತಿ ಉಜ್ಜುತ್ತಿದ್ದೀರಿ ಎಂದು ಶಂಕಿಸಬಹುದು. ಮೆದು ಎಳೆಗಳ ಬ್ರಷ್ ಅನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಹಗುರವಾಗಿ, 2 ನಿಮಿಷ ಉಜ್ಜಿದರೆ ಸಾಕು.

ಇನ್ನು ಪೇಸ್ಟ್. ಪೊಟ್ಯಾಸಿಯಂ ನೈಟ್ರೇಟ್ ನರದ ಸ್ಪಂದನೆಯನ್ನು ತಗ್ಗಿಸುತ್ತದೆ. ಸ್ಟ್ಯಾನಸ್ ಫ್ಲೋರೈಡ್ ನಾಳಗಳ ಬಾಯಿಯನ್ನು ಮುಚ್ಚುತ್ತದೆ. ಎರಡರಲ್ಲಿ ಯಾವುದಿದ್ದರೂ ದಿನಕ್ಕೆ 2 ಬಾರಿ ಬಳಸಿ, ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದಿರುವುದು ಒಳ್ಳೆಯದು. ಗುಣ ಕಾಣಲು 2ರಿಂದ 4 ವಾರ ಬೇಕು; ನಾಲ್ಕೇ ದಿನ ಹಚ್ಚಿ ‘ಇದು ಕೆಲಸಕ್ಕೆ ಬಾರದು’ ಎಂದು ಬಿಡುವವರೇ ಹೆಚ್ಚು. ಹಲ್ಲು ಬಿಳುಪಾಗಿಸುವ ಪೇಸ್ಟ್ ಈ ಅವಧಿಯಲ್ಲಿ ಬೇಡ.

ಹುಳಿ ಹಣ್ಣು ತಿಂದ ಅಥವಾ ತಂಪು ಪಾನೀಯ ಕುಡಿದ ಕೂಡಲೇ ಹಲ್ಲುಜ್ಜುವುದು ಶುಚಿಯ ಅಭ್ಯಾಸದಂತೆ ಕಂಡರೂ, ಆಮ್ಲದಿಂದ ಮೆದುವಾದ ಎನಾಮೆಲ್ ಆಗಲೇ ಸುಲಭವಾಗಿ ಸವೆಯುವುದರಿಂದ, ನೀರಿನಿಂದ ಬಾಯಿ ಮುಕ್ಕಳಿಸಿ ಕನಿಷ್ಠ ಅರ್ಧ ಗಂಟೆ ತಡೆಯಬೇಕು.

4 ವಾರವಾದರೂ ನೋವು ತಗ್ಗದಿದ್ದರೆ, ಅಥವಾ ಒಂದೇ ಹಲ್ಲು ಕಚ್ಚುವಾಗ ಚುಳ್ಳೆಂದರೆ, ಹುಳುಕೋ ಬಿರುಕೋ ಇದ್ದೀತು. ವೈದ್ಯರು ಕಾರಣ ನೋಡಿಕೊಂಡು ಫ್ಲೋರೈಡ್ ವಾರ್ನಿಷ್ ಹಚ್ಚಬಹುದು, ಸವೆದ ಜಾಗವನ್ನು ತುಂಬಬಹುದು, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ರಾತ್ರಿ ಧರಿಸುವ ಗಾರ್ಡ್ ಮಾಡಿಸಿಕೊಡಬಹುದು. ರೂಟ್ ಕೆನಾಲ್ ಬೇಕಾಗುವುದು ಒಳಗಿನ ನರದ ಭಾಗ ಚೇತರಿಸಿಕೊಳ್ಳಲಾರದಷ್ಟು ಕೆಟ್ಟಾಗ ಮಾತ್ರ.